ಹತ್ತನೆಯ ಸೂಚಕಿಯ ಹೆಬ್ಬೆಟ್ಟು

ಚಿಕ್ಕೋಡಿಯಲ್ಲಿ ನಾಮಪತ್ರ ತೆಗೆದುಕೊಳ್ಳುತ್ತಿದ್ದ ಕಚೇರಿಯ ಬಾಗಿಲಿಗೂ ಬೇವಿನ ಗಿಡದ ಕೆಳಗೆ ನಾನು ದಸ್ತಾವೇಜು ಬರೆಯುವ ಮೇಜಿಗೂ ನಡುವೆ ನಲವತ್ತು ಹೆಜ್ಜೆ. ಇದನ್ನು ನಾನು ಎಣಿಸಿದ್ದು ಎಲ್ಲ ಮುಗಿದ ಮೇಲೆ, ಕೈ ಹಿಂದೆ ಕಟ್ಟಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು. ಮೊದಲೇ ಎಣಿಸಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರ ಲೋಕಸಭಾ ಚುನಾವಣೆ. ನಾಮಪತ್ರದ ಕೊನೆಯ ದಿನಕ್ಕೆ ಇನ್ನೂ ನಾಲ್ಕು ದಿನವಿತ್ತು. ಜುಗೂಳದ ನಾವಿಯ ಕಾಕಾ ನನ್ನ ಮೇಜಿನ ಮುಂದೆ ಬಂದು ನಿಂತರು. ಕೃಷ್ಣಾ ಹೊಳೆಗೆ ಅಡ್ಡ ಹಗ್ಗ ಕಟ್ಟಿ, ಅದರ ಗುಂಟ ನಾವಿ, ಅಂದರೆ ದೋಣಿ, ಹಾಕಿ ಜನರನ್ನು ದಾಟಿಸುವವರು ಅವರು. ಈಚೆ ದಂಡೆ ಕರ್ನಾಟಕ, ಆಚೆ ದಂಡೆ ಮಹಾರಾಷ್ಟ್ರ. ನೆಲದ ಮೇಲೆ ನಿಂತರೂ ಕಾಲು ಅಗಲಿಸಿಯೇ ನಿಲ್ಲುತ್ತಿದ್ದರು, ಭೂಮಿಯೂ ಯಾವಾಗ ಅಲುಗಾಡೀತು ಅನ್ನುವವರ ಹಾಗೆ.

“ರೈಟರ್ರ, ಒಂದ ಅರ್ಜಿ ಬರೀಬೇಕಾಗೇತಿ.”

“ಯಾರಿಗೆ ಕಾಕಾ?”

“ದಿಲ್ಲಿಗೆ.”

“ಪೋಸ್ಟಿನಾಗ ಕಳಸೂದೋ, ರಜಿಸ್ಟರ್ ಮಾಡೂದೋ?”

“ಎರಡೂ ಅಲ್ಲ. ನಾನೇ ಹೊಕ್ಕೀನಿ. ಎಂಪಿ ಇಲೆಕ್ಷನ್‌ಗೆ ನಿಂದರತೀನಿ.”

ಪಕ್ಕದ ಮೇಜಿನ ಟೈಪಿಸ್ಟ್ ಕೀಲಿ ಒತ್ತುವುದನ್ನು ನಿಲ್ಲಿಸಿದ. ಕಾಕಾ ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು, ಅವಸರವಿಲ್ಲದೆ ವಿವರಿಸಿದರು. ಜುಗೂಳಕ್ಕೆ ಪೂಲ್ ಬೇಕು, ಹೊಳೆ ದಾಟಲು ಸೇತುವೆ. ಮಳೆಗಾಲದಲ್ಲಿ ಹೊಳೆ ಏರಿದರೆ ನಾವಿ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಊರಿಗೆ ಅರ್ಧ ದಿನ ಸುತ್ತು ಹಾಕಿ ಹೋಗಬೇಕು.

“ಬೆಂಗಳೂರವರನ್ನ ಕೇಳಿದ್ರ ಆಚಿ ದಂಡಿ ನಮ್ದಲ್ಲ ಅಂತಾರ. ಮುಂಬೈದವರನ್ನ ಕೇಳಿದ್ರ ಈಚಿ ದಂಡಿ ನಮ್ದಲ್ಲ ಅಂತಾರ. ಎರಡೂ ದಂಡಿ ನಮ್ದು ಅನ್ನಾವರು ದಿಲ್ಲ್ಯಾಗಷ್ಟ ಅದಾರ.”

“ಪೂಲ್ ಆದ್ರ ನಿಮ್ಮ ನಾವಿ ಗತಿ ಏನ್ರಿ ಕಾಕಾ?” ಟೈಪಿಸ್ಟ್ ಕೆಣಕಿದ.

“ನಾವಿ ಗತಿ ಹೊಳಿ ನೋಡ್ಕೋತೈತಿ. ನನ್ನ ಸೊಂಟ ಉಳೀತೈತಿ.”

ಆರಿಸಿ ಬರುತ್ತೀರಾ ಎಂದು ನಾನೂ ಕೇಳಿದೆ. ಕಾಕಾ ನಗಲಿಲ್ಲ. “ಬರೂದಿಲ್ಲಂತ ನನಗೂ ಗೊತ್ತೈತಿ. ಮಷೀನಿನ ಮ್ಯಾಲೆ ನನ್ನ ಹೆಸರು ಬರಬೇಕ, ಬಾಜೂಕ ದೋಣಿ ಚಿತ್ರ ಬರಬೇಕ. ರಾಯಬಾಗದಾಗ, ನಿಪ್ಪಾಣ್ಯಾಗ, ಅಥಣ್ಯಾಗ, ಪ್ರತಿಯೊಂದ ಬೂತಿನಾಗ ಒಬ್ಬರರೆ ಕೇಳಬೇಕ, ಈ ದೋಣಿ ಯಾರ್ದಪಾ, ಯಾಕ ನಿಂತಾನಂತ. ಅಷ್ಟಾದ್ರ ಸಾಕ.”

ಆ ಮಾತು ನನಗೆ ಹಿಡಿಸಿತು. ಅಂದೇ ಫಾರ್ಮು ತಂದೆ.

ಆ ಕೆಲಸ ನನಗೆ ಹೊಸದು. ಖರೇದಿ ಪತ್ರ, ಆಸ್ತಿ ಪಾಲಿನ ವಾಟಣಿ ಪತ್ರ, ಮೃತ್ಯುಪತ್ರ ಬರೆದ ಕೈ ನನ್ನದು. ಆದರೆ ಕಾಗದ ಎಲ್ಲಿದ್ದರೂ ಕಾಗದವೇ ಎಂಬ ಧಿಮಾಕು ಇತ್ತು. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಾದರೆ ಹತ್ತು ಜನ ಬೇಕು, ಹತ್ತೂ ಜನ ಇದೇ ಕ್ಷೇತ್ರದ ಮತದಾರರಾಗಿರಬೇಕು. ಪ್ರತಿಯೊಬ್ಬರ ಹೆಸರಿನ ಮುಂದೆ ಮತದಾರರ ಪಟ್ಟಿಯ ಭಾಗಸಂಖ್ಯೆ, ಕ್ರಮಸಂಖ್ಯೆ, ಸಹಿ, ತಾರೀಖು. ಕಾಕಾ ಊರಿನಿಂದ ಹಳೆಯ ಮತದಾರರ ಚೀಟಿಗಳನ್ನು ಕಟ್ಟು ಕಟ್ಟಿ ತಂದಿದ್ದರು. ಕ್ಷೇತ್ರಗಳ ಗಡಿ ಹೊಸದಾಗಿ ಹಾಕಿದ್ದರಿಂದ ಅವುಗಳಲ್ಲಿ ಒಂದೂ ತಾಳೆಯಾಗಲಿಲ್ಲ. ಹೊಸ ಪಟ್ಟಿ ಸಿಗಲು ಎರಡು ದಿನ ಹೋಯಿತು. ಆಸ್ತಿ, ಸಾಲ, ಖಟ್ಲೆಗಳ ಪ್ರಮಾಣಪತ್ರಕ್ಕೆ ಇನ್ನೊಂದು ದಿನ. ‘ಚರ ಆಸ್ತಿ’ ಎಂಬಲ್ಲಿ ಏನು ಬರೆಯಲಿ ಎಂದರೆ ಕಾಕಾ, “ನಾವಿ ಒಂದ ಚರ, ಉಳಿದಿದ್ದೆಲ್ಲಾ ಸ್ಥಿರ,” ಎಂದರು. ಚಿಹ್ನೆ ಮೂರು ಬರೆಯಬೇಕು, ಇಷ್ಟದ ಕ್ರಮದಲ್ಲಿ.

“ದೋಣಿ. ಅದು ಸಿಗಲಿಲ್ಲಂದ್ರ ದೋಣಿ. ಅದೂ ಇಲ್ಲಂದ್ರ ಮತ್ತ ದೋಣಿ.”

ನಾನೇ ಒತ್ತಾಯ ಮಾಡಿ ಎರಡನೆಯದಕ್ಕೂ ಮೂರನೆಯದಕ್ಕೂ ಬೇರೆ ಚಿತ್ರ ಬರೆಸಿದೆ. ಫಾರ್ಮಿನ ಜೊತೆ ಸೂಚನೆಗಳ ಹಾಳೆಗಳನ್ನೂ ಕೊಟ್ಟಿದ್ದರು. ಮೊದಲ ಎರಡು ಪುಟ ಓದಿದೆ. ಉಳಿದದ್ದು ನಮ್ಮ ಕೆಲಸದಂತೆಯೇ ಇದೆ ಅನ್ನಿಸಿ ಮಡಚಿಟ್ಟೆ.

ಕೊನೆಯ ದಿನ. ಮೂರು ಗಂಟೆಯೊಳಗೆ ಕೊಡಬೇಕು. ಹನ್ನೊಂದಕ್ಕೆ ಬರಬೇಕಾದ ಜುಗೂಳದ ಟ್ರ್ಯಾಕ್ಸ್ ಉಗಾರದ ಹತ್ತಿರ ಟಾಯರ್ ಒಡೆದು ಒಂದೂವರೆಗೆ ಬಂತು. ಇಳಿದವರನ್ನು ಎಣಿಸಿದರೆ ಸೂಚಕರು ಒಂಬತ್ತೇ ಜನ. ಹತ್ತನೆಯವನ ಮನೆಗೆ ಬೆಳಿಗ್ಗೆ ಊರ ಹಿರಿಯರೊಬ್ಬರು ಹೋಗಿ ಚಹಾ ಕುಡಿದು ಬಂದಿದ್ದರಂತೆ. ಅವರು ಎದ್ದು ಹೋದ ಕೂಡಲೇ ಅವನಿಗೆ ಹೊಟ್ಟೆನೋವು ಬಂದಿತ್ತಂತೆ.

“ಚಹಾ ಅವರು ಕುಡದಾರ, ಹೊಟ್ಟಿ ಇವನ್ದು ನೂಸೈತಿ,” ಎಂದರು ಕಾಕಾ.

ಟ್ರ್ಯಾಕ್ಸಿನಲ್ಲಿ ಆ ಒಂಬತ್ತು ಜನ, ಕಾಕಾ, ಮತ್ತು ಹನ್ನೊಂದನೆಯದಾಗಿ ಒಬ್ಬ ಮುದುಕಿ ಇದ್ದಳು. ಗಾಡಿಯಲ್ಲಿ ಜಾಗ ಇದೆಯಲ್ಲ, ನಮ್ಮ ಊರಿನವ ಅರ್ಜಿ ಕೊಡುವುದನ್ನು ನೋಡೋಣವೆಂದು ಬಂದವಳು. ಈ ಬರಹದಲ್ಲಿ ಉಳಿದ ಯಾರ ಹೆಸರನ್ನೂ ನಾನು ಹೇಳುವುದಿಲ್ಲ. ಆಕೆಯ ಹೆಸರು ಹೇಳದೆ ಕಥೆ ನಡೆಯುವುದಿಲ್ಲ, ಯಾಕೆಂದರೆ ತೊಡಕು ಬಂದದ್ದೇ ಹೆಸರಿನಲ್ಲಿ. ಸೋನವ್ವ.

ಪಟ್ಟಿಯಲ್ಲಿ ಹುಡುಕಿದೆ. ಇತ್ತು. ‘ಸೋನವ್ವ’ ಎಂದೇ ಅಚ್ಚಾಗಿತ್ತು. ಹೊಟ್ಟೆನೋವಿನವನ ಹೆಸರು ಬರೆದಿಟ್ಟಿದ್ದ ಫಾರ್ಮು ಬಿಟ್ಟು ಹೊಸದು ಬರೆದು, ಒಂಬತ್ತು ಜನರ ಸಹಿ ಮಾಡಿಸುವಷ್ಟರಲ್ಲಿ ಎರಡೂಕಾಲು.

ಸಹಿ ಮುಗಿಸಿದವರು ಕಾಕಾನ ಜೊತೆ ಕಚೇರಿಯ ಬಾಗಿಲಲ್ಲಿ ಸಾಲು ಹಿಡಿಯಲು ಹೋದರು, ಮೇಜಿನ ಹತ್ತಿರ ಉಳಿದದ್ದು ನಾವಿಬ್ಬರೇ. “ಬಾ ಆಯಿ,” ಎಂದೆ. ನಮ್ಮ ಕಡೆ ಮುದುಕಿಯರನ್ನು ಕರೆಯುವುದು ಹಾಗೆಯೇ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಪೆನ್ನಿಗೆ ಕೈಚಾಚಿದಳು.

“ಸಹಿ ಮಾಡತೀನ್ರಿ. ಕಲ್ತೇನಿ.”

ಒಂದು ಹಳೆಯ ಕಾಗದದ ಮೇಲೆ ಮಾಡಿ ತೋರಿಸಲು ಹೇಳಿದೆ. ಆಕೆ ಮೊದಲು ಎಡದಿಂದ ಬಲಕ್ಕೆ ಒಂದು ಉದ್ದ ಗೆರೆ ಎಳೆದಳು. ನಿಧಾನ. ನಂತರ ಆ ಗೆರೆಯಿಂದ ಒಂದೊಂದೇ ಅಕ್ಷರ ಇಳಿಬಿಡತೊಡಗಿದಳು. ಮರಾಠಿ ಅಕ್ಷರ.

“ಗೆರಿ ಯಾಕ ಮೊದಲ?” ಎಂದೆ.

“ಮೊದಲ ಹಗ್ಗಾ ಕಟ್ಟಬೇಕಲ್ರಿ. ಆಮ್ಯಾಗ ನಾವಿ.”

ಮಗಳನ್ನು ಆಚೆ ದಂಡೆಗೆ ಕೊಟ್ಟಿದ್ದಳು. ಒಂದು ಮಳೆಗಾಲ ಅವಳ ಬಾಣಂತನ ಮಾಡಲು ಹೋದ ಸೋನವ್ವ ಹೊಳೆ ಏರಿ ಅಲ್ಲೇ ಸಿಕ್ಕಿಕೊಂಡಿದ್ದಳು. ಆಗ ಹಿರಿಯ ಮೊಮ್ಮಗಳು ತನ್ನ ಶಾಲೆಯ ಪಾಟಿ ಕೊಟ್ಟು ಕಲಿಸಿದ ಸಹಿ ಅದು. ಆಚೆ ದಂಡೆಯಲ್ಲಿ ಆಕೆ ಸೋನವ್ವ ಅಲ್ಲ, ಸೋನಾಬಾಯಿ. ಕಾಗದದ ಮೇಲೆ ಇಳಿಯುತ್ತಿದ್ದದ್ದೂ ಅದೇ.

ಪಟ್ಟಿಯಲ್ಲಿ ಕನ್ನಡದ ಸೋನವ್ವ, ಸಹಿಯಲ್ಲಿ ಮರಾಠಿಯ ಸೋನಾಬಾಯಿ. ನಮ್ಮ ಗಡಿಯಲ್ಲಿ ಫಲಕದ ಮೇಲಿನ ಒಂದು ಅಕ್ಷರಕ್ಕೆ ಕಲ್ಲು ಬಿದ್ದಿರುವುದನ್ನು ಕಂಡವನು ನಾನು. ಎದುರಿನ ಯಾರಾದರೂ ತಕರಾರು ತೆಗೆದರೆ? ಇದು ಒಂದು ಕಾರಣ. ಇನ್ನೊಂದು ಕಾರಣ ಗಡಿಯಾರ. ಆಕೆ ಇನ್ನೂ ಎರಡನೆಯ ಅಕ್ಷರದಲ್ಲಿದ್ದಳು. ಮೊದಲನೆಯ ಕಾರಣವನ್ನೇ ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಖರೆ ಹೇಳಬೇಕೆಂದರೆ ನನ್ನ ಕೈ ಸರಿದದ್ದು ಎರಡನೆಯದಕ್ಕೆ.

ಮಸಿಯ ಡಬ್ಬಿಯ ಮುಚ್ಚಳ ತೆಗೆದೆ. “ಇದು ಬ್ಯಾಡ ಆಯಿ. ಹೆಬ್ಬಟ್ಟ ಒತ್ತು. ಅದಽ ಗಟ್ಟಿ.”

ನಮ್ಮಜ್ಜನಿಂದ ಬಂದ ಮಾತು ಅದು. ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿ ದಸ್ತಾವೇಜು ಬರೆದು ಕಣ್ಣು ಕಳಕೊಂಡವರು. ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದರು: “ಸಹಿ ಮನಷ್ಯಾ ಮಾಡ್ಯಾನ, ನಾಳಿ ಇಲ್ಲಂತಾನ. ಹೆಬ್ಬಟ್ಟ ದೇವರ ಮಾಡ್ಯಾನ. ಹೆಬ್ಬಟ್ಟಿಗೆ ಭಾಷಾ ಇಲ್ಲ, ಜಾತಿ ಇಲ್ಲ, ಸುಳ್ಳೂ ಇಲ್ಲ.” ಖರೇದಿ ಪತ್ರದಲ್ಲಿ ಈ ಮಾತಿನಿಂದ ನನಗೆ ಎಂದೂ ಕೇಡಾಗಿರಲಿಲ್ಲ.

“ಕಲ್ತೇನಲ್ರಿ…” ಎಂದಳು ಸೋನವ್ವ ಇನ್ನೊಮ್ಮೆ.

“ಹೊತ್ತಿಲ್ಲ ಆಯಿ.”

ಹೆಬ್ಬೆರಳು ಹಿಡಿದು ನಾನೇ ಒತ್ತಿಸಿದೆ. ಗೆರೆಗಳು ಸ್ವಚ್ಛ ಮೂಡಿದವು. ಕೆಳಗೆ ‘ಸೋನವ್ವ ಇವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಚಂದಾಗಿ ಬರೆದೆ. ಅರ್ಧವಾಗಿದ್ದ ಸಹಿಯ ಕಾಗದವನ್ನು ಆಕೆ ಮಡಚಿ ಸೊಂಟದ ಸಂಚಿಯಲ್ಲಿಟ್ಟುಕೊಂಡಳು.

ಒಳಗೆ ಅಭ್ಯರ್ಥಿಯನ್ನು ಸೇರಿಸಿ ಐದೇ ಜನಕ್ಕೆ ಪ್ರವೇಶ. ಕಾಕಾ ಮತ್ತು ನಾಲ್ವರು ಹೋದರು. ಸೋನವ್ವ ಗಿಡದ ಬುಡದಲ್ಲಿ ಕೂತಳು. ತಪಾಸಣೆಯ ಮೇಜಿನವರು ನೂಕುನುಗ್ಗಲಿನಲ್ಲಿ ಭಾಗಸಂಖ್ಯೆ, ಕ್ರಮಸಂಖ್ಯೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಮೂರಕ್ಕೆ ಹತ್ತು ನಿಮಿಷವಿರುವಾಗ ಕಾಕಾ ರಸೀದಿ ಹಿಡಿದು ಹೊರಬಂದರು. ಎಲ್ಲರಿಗೂ ಭಜಿ, ಚಹಾ. ಹತ್ತನೆಯ ಹೆಸರು ತನ್ನದೆಂದು ಸೋನವ್ವ ಭಜಿಯ ಎಣ್ಣೆಯ ಬೆರಳು ಎತ್ತಿ ಎಲ್ಲರಿಗೂ ತೋರಿಸಿದಳು. ಮಸಿ ಇನ್ನೂ ಹೋಗಿರಲಿಲ್ಲ.

ಮರುದಿನ ಪರಿಶೀಲನೆ. ಅಭ್ಯರ್ಥಿಯ ಜೊತೆ ಒಬ್ಬ ಸೂಚಕ, ಮತ್ತು ಅಭ್ಯರ್ಥಿ ಬರೆದುಕೊಟ್ಟ ಒಬ್ಬ ವ್ಯಕ್ತಿ ಒಳಗೆ ಕೂರಬಹುದು. ಆ ವ್ಯಕ್ತಿ ನಾನೇ. ಒಪ್ಪಿಗೆ ಪತ್ರವನ್ನು ಬರೆದವನೂ ನಾನೇ. ಸೋನವ್ವ ಹೊರಗಿದ್ದಳು. ಹೆಸರು ಬಿದ್ದ ಖುಷಿಗೆ ಆವತ್ತೂ ಬಂದಿದ್ದಳು.

ದೊಡ್ಡ ಪಕ್ಷಗಳವು ಬೇಗ ಮುಗಿದವು. ನಮ್ಮದು ಬಂದಾಗ ಅಧಿಕಾರಿ ಪುಟ ತಿರುವಿ, ಹತ್ತನೆಯ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟರು. ದಕ್ಷಿಣದ ಕಡೆಯವರು, ಮೆತ್ತಗಿನ ಮಾತು.

“ಈ ಹೆಬ್ಬೆಟ್ಟು ಯಾರ ಮುಂದೆ ಒತ್ತಿದ್ದು?”

ಕಾಕಾ ನನ್ನ ಕಡೆ ನೋಡಿದರು. “ಹೊರಗ, ನನ್ನ ಮೇಜಿನ ಮ್ಯಾಲೆ ಒತ್ತಸೇನ್ರಿ,” ಎಂದೆ.

ಆಗ ಅವರು ನಿಯಮ ಓದಿ ಹೇಳಿದರು. ಸಹಿ ಬಾರದವರು ಗುರುತು ಹಾಕಬಹುದು. ಆದರೆ ಚುನಾವಣಾಧಿಕಾರಿಯ ಮುಂದೆಯೋ, ಅದಕ್ಕೆಂದೇ ಅಧಿಕಾರ ಪಡೆದವರ ಮುಂದೆಯೋ ಹಾಕಬೇಕು. ಅವರು ಅದನ್ನು ದೃಢೀಕರಿಸಬೇಕು. ಇಲ್ಲದಿದ್ದರೆ ಅದು ಬರೀ ಮಸಿ. ಸೂಚಕರು ಒಂಬತ್ತೇ ಆದರು. ನಾನು ಓದದೆ ಮಡಚಿಟ್ಟ ಪುಟದಲ್ಲಿ ಇದು ಇತ್ತು, ರಾತ್ರಿ ಮನೆಯಲ್ಲಿ ಬಿಚ್ಚಿ ನೋಡಿದೆ.

“ಆಕೆ ನಿನ್ನೆ ಹೊರಗೇ ಇದ್ದರಲ್ಲ. ಮೂರು ಗಂಟೆಯೊಳಗೆ ಒಳಗೆ ಕರೆತಂದಿದ್ದರೆ ನನ್ನ ಮುಂದೆಯೇ ಒತ್ತಿಸಬಹುದಿತ್ತು,” ಎಂದರು ಅಧಿಕಾರಿ, ಬೇಸರದಿಂದಲೇ. “ಅಥವಾ ಸಹಿ ಮಾಡಿದ್ದರೆ ಪ್ರಶ್ನೆಯೇ ಇರಲಿಲ್ಲ.”

“ಮರಾಠಿಯೊಳಗ ಮಾಡಿದ್ರ?” ನನ್ನ ಬಾಯಿಂದ ತಾನಾಗಿಯೇ ಬಂತು.

“ಯಾವ ಭಾಷೆಯಲ್ಲಾದರೂ ಸಹಿ ಸಹಿಯೇ. ಯಾಕೆ, ಅವರಿಗೆ ಸಹಿ ಬರುತ್ತಿತ್ತೇ?”

ಕಾಕಾ ಇನ್ನೂ ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಮೂವತ್ತು ಮೂವತ್ತೈದು ಹಳ್ಳಿಯವರು ಕಾಗದ ಬರೆಸಲು ಹುಡುಕಿಕೊಂಡು ಬರುವ ರೈಟರು ನಾನು.

“ಇಲ್ರಿ ಸಾಹೇಬ್ರ,” ಎಂದೆ. “ಆಕೀಗೆ ಸಹಿ ಬರೂದಿಲ್ರಿ.”

ನಾನು ಖರೆ ಹೇಳಿದ್ದರೂ ನಾಮಪತ್ರ ಉಳಿಯುತ್ತಿರಲಿಲ್ಲ. ತಿರಸ್ಕಾರದ ಆದೇಶ ಅದೇ ಮೂರು ಸಾಲು ಇರುತ್ತಿತ್ತು. ಅದನ್ನೇ ಆಮೇಲೆ ಎಷ್ಟೋ ಸಲ ಸಮಾಧಾನಕ್ಕೆ ಹೇಳಿಕೊಂಡಿದ್ದೇನೆ, ಮತ್ತು ಹೇಳಿಕೊಂಡಾಗಲೆಲ್ಲ ಅದು ಸಮಾಧಾನವಲ್ಲ, ನನ್ನ ಮೇಲಿನ ಫಿರ್ಯಾದು ಎಂದು ಗೊತ್ತಾಗಿದೆ. ಸುಳ್ಳಿನಿಂದ ಕಾಕಾನಿಗೆ ಏನೂ ಸಿಗಲಿಲ್ಲ. ಉಳಿದದ್ದು ನನ್ನ ಮರ್ಯಾದೆ ಮಾತ್ರ.

ಹೊರಗೆ ಬಂದಾಗ ಊರಿನವರು ಮುತ್ತಿದರು. ಕಾಕಾ ಕೆಟ್ಟ ಮಾತು ಆಡುವವರಲ್ಲ. ಇದ್ದದ್ದು ಹೇಳಿದರು: “ಆಯಿಗೆ ಸಹಿ ಬರೂದಿಲ್ಲಂತ ಅರ್ಜಿ ಬಿತ್ತು.”

“ಯವ್ವಾ, ಹಂಗಾರ ನೀ ಯಾಕ ಮುಂದ ಆದಿ?” ಎಂದ ಒಬ್ಬ.

“ದಿಲ್ಲಿ ದಾರಿಗೆ ಆಯಿ ಹೆಬ್ಬಟ್ಟ ಅಡ್ಡ ಇಟ್ಟಾಳ ನೋಡು,” ಎಂದ ಇನ್ನೊಬ್ಬ. ಕೆಲವರು ನಕ್ಕರು.

ಸೋನವ್ವ ನನ್ನ ಮುಖ ನೋಡಿದಳು. ಕೈ ಸೊಂಟದ ಸಂಚಿಯ ಮೇಲಿತ್ತು. ಆ ಕಾಗದ ತೆಗೆದು ತೋರಿಸಿದ್ದರೆ ಅಂದೇ ನನ್ನ ಮೇಜು ಮುಗಿಯುತ್ತಿತ್ತು. ತೆಗೆಯಲಿಲ್ಲ. ನಾನು ನನ್ನ ಮೇಜಿನ ಕಡೆ ಹೊರಟೆ, ಬೆನ್ನಿಗೆ ಆಕೆಯ ಕಣ್ಣು ಅಂಟಿಕೊಂಡೇ ಇತ್ತು. ನಲವತ್ತು ಹೆಜ್ಜೆ ಎಣಿಸಿದ್ದು ಆ ಸಂಜೆ.

ಠೇವಣಿ ತಿರುಗಿ ಬಂತು. ಆ ವರ್ಷ ಮಷೀನಿನ ಮೇಲೆ ಕಾಕಾನ ಹೆಸರು ಇರಲಿಲ್ಲ. ಮತ ಹಾಕಲು ಹೋದಾಗ ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ, ಹಿಂದೆ ನಿಂತವರು ಗದರುವತನಕ.

ನಾಲ್ಕು ವರ್ಷ ಕಳೆದವು. ಒಂದು ಬೇಸಿಗೆಯ ಕೊನೆ, ಇನ್ನೇನು ಮಳೆ ಹಿಡಿಯಬೇಕು. ಜುಗೂಳದ ಇಬ್ಬರು ಅಣ್ಣತಮ್ಮಂದಿರು ಹೊಲದ ವಾಟಣಿ ಪತ್ರ ಬರೆಸಲು ಬಂದರು. ಜೊತೆಗೆ ತಾಯಿ. ಸೋನವ್ವ. ಬೆನ್ನು ಬಾಗಿತ್ತು. ನಾನು ಕರಡು ಓದಿ ಹೇಳಿ ತಲೆ ಎತ್ತುವಷ್ಟರಲ್ಲಿ ಆಕೆ ಎಡಗೈ ಹೆಬ್ಬೆರಳನ್ನು ಮೇಜಿನ ಮೇಲೆ ಚಾಚಿ ಇಟ್ಟಿದ್ದಳು, ಅಂಗಡಿಯಲ್ಲಿ ಸಾಮಾನು ಇಟ್ಟ ಹಾಗೆ.

“ಸಹಿ ಮಾಡ್ರಿ ಆಯಿ,” ಎಂದೆ.

“ನೀವಽ ಅಂದಿದ್ರಲ್ರಿ, ಹೆಬ್ಬಟ್ಟ ಗಟ್ಟಿ ಅಂತ.”

ಹಿರಿಯ ಮಗ ನಕ್ಕ. “ಅವ್ವಗ ಎಲ್ಲಿ ಸಹಿ ಬರತೈತ್ರಿ? ಬರತಿದ್ರ ಅವತ್ತ ಕಾಕಾನ ಅರ್ಜಿ ಯಾಕ ಬೀಳತಿತ್ತು? ನಾವಿಯಾಗ ಇನ್ನೂ ಅಂತಾರ, ಸೋನವ್ವನ ಹೆಬ್ಬಟ್ಟಿನಾಗ ಪೂಲ್ ಮುಳಿಗಿತು ಅಂತ.”

ಮಕ್ಕಳಿಗೂ ಹೇಳಿರಲಿಲ್ಲ ಆಕೆ. ನಾಲ್ಕು ವರ್ಷ ಊರಿನ ನಗೆಯನ್ನು ಹೊತ್ತು, ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಪೆನ್ನು ಕೆಳಗಿಟ್ಟೆ. ಮಕ್ಕಳ ಮುಂದೆ ಎಲ್ಲ ಹೇಳಿದೆ: ಗೆರೆ ಎಳೆದದ್ದು, ಎರಡನೆಯ ಅಕ್ಷರ, ಗಡಿಯಾರ, ಅಧಿಕಾರಿಯ ಪ್ರಶ್ನೆ, ನನ್ನ ಉತ್ತರ. ಕಿರಿಯ ಮಗ ತಾಯಿಯ ಕಡೆ ತಿರುಗಿ, “ಖರೇನ ಬೇ?” ಎಂದ. ಆಕೆ ನನ್ನನ್ನೇ ಕೇಳಿದಳು:

“ಇವಕ್ಕ ಹೇಳಿದ್ರ ಏನಾತ್ರಿ? ಇವು ನನ್ನ ಹೊಟ್ಟ್ಯಾಗ ಹುಟ್ಟಿದ್ದು. ನಕ್ಕಾವರು ದಂಡಿ ಮ್ಯಾಲ ಅದಾರ. ಅಲ್ಲಿ ಬಂದ ಹೇಳ್ರಿ.”

ಕಾಗದ ಹಾಗೆಯೇ ಇಟ್ಟು ಹೋದರು.

ಮೂರು ದಿನ ಹೋಗಲಿಲ್ಲ ನಾನು. ಇದು ಹೊರಬಿದ್ದರೆ ಮುಂದೆ ಈ ರೈಟರನ ಮಾತಿನ ಮೇಲೆ ಯಾರು ನಂಬಿಗೆ ಇಟ್ಟಾರು ಎಂದು ಲೆಕ್ಕ ಹಾಕಿದೆ. ನಾಲ್ಕನೆಯ ದಿನ ಬಸ್ಸು ಹತ್ತಿದೆ. ಜುಗೂಳದ ದಂಡೆಯಲ್ಲಿ ಬುತ್ತಿ ಕಟ್ಟಿಕೊಂಡವರು, ಸೈಕಲ್ ಹಿಡಿದವರು, ಹದಿನೈದು ಇಪ್ಪತ್ತು ಜನ ನಾವಿಗೆ ಕಾಯುತ್ತಿದ್ದರು. ಕಾಕಾ ಹುಟ್ಟು ಹಿಡಿದಿದ್ದರು. ಸೋನವ್ವ ಒಂದು ಕಲ್ಲಿನ ಮೇಲೆ ಕೂತಿದ್ದಳು, ದಿನವೂ ಅಲ್ಲೇ ಕೂರುವವಳಂತೆ. ನಿಂತೇ ಹೇಳಿದೆ.

ಕಾಕಾ ಹುಟ್ಟನ್ನು ಬದಿಗೆ ಸರಿಸಿ ನಾವಿಯಲ್ಲಿ ಜಾಗ ಮಾಡಿದರು. ಬೈದಿದ್ದರೆ ಹಗುರವಾಗುತ್ತಿತ್ತು.

“ಹತ್ರಿ,” ಎಂದರು.

“ಎಲ್ಲಿಗೆ ಕಾಕಾ?”

“ಆಚಿ ದಂಡಿಗೆ. ಆಕೀ ಮಗಳ ಊರಾಗೂ ಅಂತಾರ. ಅಲ್ಲೂ ಹೇಳಬೇಕ. ಮರಾಠಿಯೊಳಗ ಹೇಳ್ರಿ, ಬರತೈತಲ್ಲ ನಿಮಗ.”

ಹೋದೆ. ಹೇಳಿದೆ. ನಮ್ಮಜ್ಜ ಹೆಬ್ಬೆಟ್ಟಿಗೆ ಭಾಷೆ ಇಲ್ಲವೆಂದಿದ್ದರು. ತಪ್ಪಿಗೆ ಎರಡು ಭಾಷೆ ಇತ್ತು, ಎರಡರಲ್ಲೂ ನಾನೇ ಒಪ್ಪಿಕೊಳ್ಳಬೇಕಾಯಿತು. ತಿರುಗಿ ಬರುವಾಗ ನಡುಹೊಳೆಯಲ್ಲಿ ಕಾಕಾ ಒಂದೇ ಮಾತು ಆಡಿದರು: “ನನ್ನ ಅರ್ಜಿ ಹೋಗಿದ್ದಕ್ಕ ನನಗ ಸಿಟ್ಟಿಲ್ರಿ. ನಾನೂ ನಕ್ಕಿದ್ದೆ ಅವತ್ತ. ಅದಕ್ಕ ಐತಿ.”

ವಾರದಲ್ಲಿ ಮಳೆ ಹಿಡಿಯಿತು. ಮಳೆಯಲ್ಲೇ ಒಂದು ದಿನ ಸೋನವ್ವ ಮಕ್ಕಳೊಂದಿಗೆ ವಾಟಣಿ ಪತ್ರಕ್ಕೆ ಬಂದಳು. ನಾನು ‘ಸೋನವ್ವ ಉರ್ಫ್ ಸೋನಾಬಾಯಿ’ ಎಂದು ಬರೆದಿಟ್ಟಿದ್ದೆ. ಎರಡು ಹೆಸರಿನವರಿಗೆ ನಾವು ರೈಟರುಗಳು ದಿನಕ್ಕೆ ಹತ್ತು ಸಲ ಬರೆಯುವ ಶಬ್ದ ಅದು, ಉರ್ಫ್. ಆವತ್ತು ನೆನಪಿಗೆ ಬಂದಿರಲಿಲ್ಲ.

ಪೆನ್ನು ಕೊಟ್ಟೆ. ಆಕೆ ಗೆರೆ ಎಳೆದಳು. ಒಂದೇ ಉಸಿರಿಗೆ, ಉದ್ದಕ್ಕೆ. ಮೊದಲ ಅಕ್ಷರ ಇಳಿಯಿತು, ಎರಡನೆಯದು, ಬಹಳ ಹೊತ್ತಿನ ಮೇಲೆ ಮೂರನೆಯದು. ನಾಲ್ಕನೆಯದಕ್ಕೆ ಪೆನ್ನು ನಿಂತಿತು. ಮರಾಠಿಯ ‘ಈ’, ಸುರುಳಿ ಸುತ್ತಿ ತಲೆಯ ಮೇಲೆ ಜುಟ್ಟು ಬಿಡುವ ಅಕ್ಷರ. ಕೈ ಬಿಟ್ಟು ನಾಲ್ಕು ವರ್ಷವಾಗಿತ್ತು. ಮರೆತಿದ್ದಳು.

“ಹೆಬ್ಬಟ್ಟ ಒತ್ತಿ ಮುಗಸಬೇ, ಹೊತ್ತಾತು,” ಎಂದ ಹಿರಿಯ ಮಗ.

ನಾನು ಒಂದು ಚೂರು ಕಾಗದದ ಮೇಲೆ ಆ ಅಕ್ಷರ ಬರೆದು ಆಕೆಯ ಮುಂದೆ ಸರಿಸಿದೆ. ಆಕೆ ನೋಡಲಿಲ್ಲ. ಬೆರಳ ತುದಿಯಿಂದ ಅದನ್ನು ನನ್ನ ಕಡೆಗೇ ದೂಡಿದಳು.

“ನಿಮ್ಮ ಕಡಿಂದ ಬ್ಯಾಡ್ರಿ. ಮೊಮ್ಮಗಳನ್ನ ಕೇಳತೀನಿ.”

ಮೊಮ್ಮಗಳು ಆಚೆ ದಂಡೆಯಲ್ಲಿ. ಹೊಳೆ ಏರಿತ್ತು, ನಾವಿ ನಿಂತಿತ್ತು, ಪೂಲ್ ಇರಲಿಲ್ಲ.

“ಕಾಯತೀನಿ ಆಯಿ,” ಎಂದೆ. ಮಕ್ಕಳು ಗೊಣಗಿದರು. ಆಕೆ ಪೆನ್ನಿನ ಟೋಪಿ ಹಾಕಿ ಮೇಜಿನ ಮೇಲಿಟ್ಟು ಎದ್ದಳು.

ಆ ಮಳೆಗಾಲವೆಲ್ಲ ಪತ್ರ ನನ್ನ ಖಾನೆಯಲ್ಲಿತ್ತು. ಬೆಳಿಗ್ಗೆ ಪೇಪರ್ ಬಂದರೆ ನಾನು ಮೊದಲು ನೋಡುತ್ತಿದ್ದದ್ದು ಕೃಷ್ಣೆಯ ನೀರು ಎಷ್ಟು ಇಳಿದಿದೆ ಎಂದು. ಆಮೇಲೆ ಖಾನೆ ಎಳೆದು ಪತ್ರ ತೆಗೆದು ನೋಡುತ್ತಿದ್ದೆ. ಗೆರೆಯನ್ನು ಆಕೆ ಪೂರ್ತಿ ಎಳೆದಿದ್ದಳು. ಅದರ ಬಲತುದಿಯ ಕೆಳಗೆ ಒಂದು ಅಕ್ಷರದಷ್ಟು ಜಾಗ ಖಾಲಿ ಇತ್ತು, ಹಗ್ಗ ಕಟ್ಟಿ ಇನ್ನೂ ನಾವಿ ಬರದ ಹೊಳೆಯಂತೆ.